ಸ್ಕೇಲು, ಹೇರ್‌ಪಿನ್ನು, ಟಾರ್ಚು: ಮಿದುಳು-ಬೆನ್ನುಹುರಿಯನ್ನು ನಿಮ್ಮ ಮೈಮೇಲೇ ಕಲಿಯಿರಿ

ಫೆಬ್ರವರಿ ಬಂತೆಂದರೆ ಧಾರವಾಡದ ನಮ್ಮ ಓಣಿಯ ಹತ್ತನೇ ತರಗತಿ ಮಕ್ಕಳು ಮಿದುಳಿನ ಚಿತ್ರ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸರ್, ಇದರಾಗ ಎಷ್ಟು ಭಾಗಕ್ಕ ಹೆಸರು ಬರದ್ರ ಸಾಕ್ರಿ?" ಮೊದಮೊದಲು ನಾನೂ ಬಾಣದ ಗುರುತು ಹಾಕಿ ಹೆಸರು ಬರೆಸುತ್ತಿದ್ದೆ. ಆಮೇಲೆ ಬಿಟ್ಟೆ. ನೋಡಬೇಕಾದ ವಸ್ತು ತಲೆಯೊಳಗೇ ಇರುವಾಗ ಹಾಳೆಯ ಮೇಲೆ ಬಣ್ಣ ತುಂಬೋದು ಯಾಕೆ ಅಲ್ವಾ?

ಹಾಗಾಗಿ ಈಗ ಮಕ್ಕಳಿಗೆ, ಅವರ ಜೊತೆ ಬರುವ ಅವ್ವಂದಿರಿಗೂ, ಮೈ ಮುಟ್ಟಿಯೇ ತೋರಿಸುತ್ತೇನೆ. ಅದೇ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇಕಾಗುವುದು ಇಷ್ಟೇ: 30 ಸೆಂ.ಮೀ. ಸ್ಕೇಲು, ಒಂದು ಹೇರ್‌ಪಿನ್ನು, ಮೊಬೈಲ್ ಟಾರ್ಚು, ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಕಟ್ಟೆ ಅಥವಾ ಮೇಜು, ಮತ್ತು ಜೊತೆಗೊಬ್ಬರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕಲಿಯುವ ಆಟ. ರೋಗ ಕಂಡುಹಿಡಿಯುವ ಪರೀಕ್ಷೆ ಅಲ್ಲ.

ಮೊದಲು ತಲೆ ಮುಟ್ಟಿಕೊಳ್ಳಿ

ಎರಡೂ ಅಂಗೈಗಳನ್ನು ತಲೆಯ ಮೇಲೆ ಟೋಪಿಯಂತೆ ಇಟ್ಟುಕೊಳ್ಳಿ. ಕೈಗೆ ಸಿಗುವ ಗಟ್ಟಿ ಚಿಪ್ಪಿನ ಕೆಳಗೆ ಸುಮಾರು 1,300ರಿಂದ 1,400 ಗ್ರಾಂ ತೂಕದ ಮಿದುಳು ಇದೆ. ಅದು ಗಟ್ಟಿ ಇರುತ್ತದೆ ಎಂದು ಸುಮಾರು ಜನ ತಿಳಿದಿದ್ದಾರೆ. ಇಲ್ಲ. ಎಮ್ಮೆ ಕರು ಹಾಕಿದಾಗ ಮನೆಯಲ್ಲಿ ಗಿಣ್ಣ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟು ಮೆತ್ತಗೆ. ಸುಮ್ನೆ ಮೇಜಿನ ಮೇಲೆ ಇಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುವಂಥದ್ದು.

ಹಾಗಾದರೆ ನಾವು ಓಡಿದಾಗ, ಹಾರಿದಾಗ ಅದು ಒಡೆಯುವುದಿಲ್ಲ ಯಾಕೆ? ಅದು ನೀರಿನಲ್ಲಿ ತೇಲುತ್ತಿದೆ. ಮಿದುಳಿಗೆ ಮೂರು ಹೊದಿಕೆಗಳಿವೆ. ಒಳಗಿನ ಎರಡು ಹೊದಿಕೆಗಳ ನಡುವೆ ತಿಳಿ ನೀರಿನಂಥ ದ್ರವ ಹರಿಯುತ್ತದೆ. ಮಿದುಳಿನ ಒಳಗಿನ ಕೋಣೆಗಳಲ್ಲೂ ಬೆನ್ನುಹುರಿಯ ಸುತ್ತಲೂ ಅದೇ ದ್ರವ. ಇದಕ್ಕೆ ಮಿದುಳು-ಬೆನ್ನುಹುರಿ ದ್ರವ ಎನ್ನುತ್ತಾರೆ. ಯಾವಾಗ ನೋಡಿದರೂ ಸುಮಾರು 150 ಮಿ.ಲೀ. ಇರುತ್ತದೆ. ಆದರೆ ದಿನಕ್ಕೆ ಅರ್ಧ ಲೀಟರ್ ಹೊಸದಾಗಿ ತಯಾರಾಗಿ, ಹಳೆಯದು ರಕ್ತಕ್ಕೆ ಸೇರುತ್ತಾ ಹೋಗುತ್ತದೆ. ಅದರಲ್ಲಿ ತೇಲುವುದರಿಂದ ಕಿಲೋಗಿಂತ ಜಾಸ್ತಿ ತೂಗುವ ಮಿದುಳಿನ ಭಾರ ಸುಮಾರು 50 ಗ್ರಾಂಗೆ ಇಳಿದಂತಾಗುತ್ತದೆ. ಬೈಕಿನಿಂದ ಬಿದ್ದಾಗ ಮಾತ್ರ ಈ ಏರ್ಪಾಟು ಸಾಲುವುದಿಲ್ಲ. ತಲೆಬುರುಡೆ ತಟ್ಟನೆ ನಿಲ್ಲುತ್ತದೆ, ಒಳಗಿನ ಗಿಣ್ಣ ಮುಂದೆ ಹೋಗಿ ಬಡಿಯುತ್ತದೆ.

ಒಂದು ಅಕ್ರೋಟ ಒಡೆದು ನೋಡಿ. ಎರಡು ಹೋಳು, ಮೈತುಂಬ ಮಡಿಕೆ. ದೊಡ್ಡ ಮಿದುಳು, ಪಠ್ಯದಲ್ಲಿ ಮಹಾಮಸ್ತಿಷ್ಕ ಅಂತಾರಲ್ಲ, ಅದೂ ಹೀಗೇ. ಎರಡು ಹೋಳುಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಇದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2. ಸುಮ್ಮನೆ ಕೂತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ 20. ಮನೆಯ ಅತಿ ಚಿಕ್ಕ ಸದಸ್ಯನೇ ಅತಿ ಹೆಚ್ಚು ಉಣ್ಣುವ ಲೆಕ್ಕ.

ಈಗ ಕೈಯಾಡಿಸುತ್ತಾ ಹೋಗಿ. ಹಣೆಯ ಹಿಂದಿನದು ಮುಂಭಾಗದ ಹಾಲೆ. ಯೋಜನೆ, ತಡೆದುಕೊಳ್ಳುವುದು, ನಿರ್ಧಾರ ಎಲ್ಲ ಅಲ್ಲಿ. ಇದು ಪೂರ್ತಿ ಬಲಿಯುವುದಕ್ಕೆ ಇಪ್ಪತ್ತೈದರ ಆಸುಪಾಸಿನ ವಯಸ್ಸು ಬೇಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಇದ್ದರೆ ನಿಮಗೆ ಜಾಸ್ತಿ ವಿವರಣೆ ಬೇಡ. ಕಿವಿಯ ಮೇಲ್ಭಾಗದಲ್ಲಿ ಕೇಳುವಿಕೆ ಮತ್ತು ನೆನಪು. ತಲೆಯ ಹಿಂಭಾಗದ ಉಬ್ಬಿನ ಒಳಗೆ ನೋಟ. ಹೌದು, ಕಣ್ಣು ಮುಂದಿದ್ದರೂ ನೋಡುವ ಕೆಲಸ ಹಿಂದೆ ನಡೆಯುತ್ತದೆ. ತಲೆಯ ಹಿಂಬದಿ ಗೋಡೆಗೆ ಬಡಿದಾಗ ಕಣ್ಣಲ್ಲಿ ಚುಕ್ಕೆ ಮಿಂಚಿದಂತಾಗುವುದು ಅದಕ್ಕೇ.

ಇನ್ನೊಂದು ಸುಲಭದ ಗುರುತು. ಹೆಣ್ಣುಮಕ್ಕಳ ಹೇರ್‌ಬ್ಯಾಂಡು ಒಂದು ಕಿವಿಯಿಂದ ನೆತ್ತಿ ದಾಟಿ ಇನ್ನೊಂದು ಕಿವಿಗೆ ಬರುತ್ತದಲ್ಲ, ಸರಿಸುಮಾರು ಅದರ ಕೆಳಗೆ ಎರಡು ಪಟ್ಟಿಗಳಿವೆ. ಮುಂದಿನದು ಮೈಯನ್ನು ಆಡಿಸುವ ಪಟ್ಟಿ, ಹಿಂದಿನದು ಮುಟ್ಟಿದ್ದನ್ನು ತಿಳಿಯುವ ಪಟ್ಟಿ. ಎರಡರಲ್ಲೂ ಮೈ ತಲೆಕೆಳಗಾಗಿ ಜೋತುಬಿದ್ದಿದೆ: ನೆತ್ತಿಯ ಬಳಿ ಕಾಲು, ಪಕ್ಕಕ್ಕೆ ಕೈ, ಕಿವಿಯ ಹತ್ತಿರ ಮುಖ. ಅಷ್ಟೇ ಅಲ್ಲ, ಎಡ ಹೋಳು ಬಲ ಮೈಯನ್ನು ನಡೆಸುತ್ತದೆ, ಬಲ ಹೋಳು ಎಡ ಮೈಯನ್ನು. ಇದನ್ನು ನೆನಪಿಟ್ಟುಕೊಳ್ಳಿ, ಕಡೆಗೆ ಬೇಕಾಗುತ್ತದೆ.

ಹೇರ್‌ಪಿನ್ನಿನ ಆಟ

ಪಿನ್ನನ್ನು ಬಾಗಿಸಿ ಎರಡು ತುದಿಗಳ ನಡುವೆ 5 ಮಿ.ಮೀ. ಅಂತರ ಇರುವಂತೆ ಮಾಡಿ. ಜೊತೆಗಾರರು ಕಣ್ಣು ಮುಚ್ಚಲಿ. ಎರಡೂ ತುದಿಗಳನ್ನು ಒಟ್ಟಿಗೇ, ಮೆಲ್ಲಗೆ, ಅವರ ಬೆರಳ ತುದಿಗೆ ತಾಗಿಸಿ. "ಎರಡು" ಅಂತಾರೆ. ಅದೇ ಅಂತರದಲ್ಲಿ ಬೆನ್ನಿಗೆ ತಾಗಿಸಿ. "ಒಂದೇ ಐತ್ರಿ" ಅಂತಾರೆ. ಅಂತರ ಹೆಚ್ಚಿಸುತ್ತಾ ಹೋಗಿ. ಬೆರಳ ತುದಿಗೆ 2-3 ಮಿ.ಮೀ. ಸಾಕು, ಬೆನ್ನಿಗೆ 4 ಸೆಂ.ಮೀ. ಬಂದರೂ ಗೊತ್ತಾಗುವುದು ಕಷ್ಟ. ಬೆರಳ ತುದಿಯಲ್ಲಿ ಸ್ಪರ್ಶ ಹಿಡಿಯುವ ನರದ ತುದಿಗಳು ದಟ್ಟವಾಗಿವೆ. ಮಿದುಳಿನ ಪಟ್ಟಿಯಲ್ಲೂ ಬೆರಳು, ತುಟಿ, ನಾಲಿಗೆಗೆ ಸಿಕ್ಕ ಜಾಗ ದೊಡ್ಡದು, ಇಡೀ ಬೆನ್ನಿಗೆ ಸಿಕ್ಕಿದ್ದು ಅಂಗೈಯಗಲದ ಹೊಲ ಅಷ್ಟೆ.

ಹೆಡಕಿನ ಕಡೆ ಬನ್ನಿ

ಕೈ ತಲೆಯ ಹಿಂದಿನಿಂದ ಹೆಡಕಿಗೆ ಇಳಿಯಲಿ. ಹೆಡಕು ಶುರುವಾಗುವಲ್ಲಿ, ಒಳಗೆ, ಚಿಕ್ಕ ಮಿದುಳು ಅಥವಾ ಅನುಮಸ್ತಿಷ್ಕ ಇದೆ. ತೂಕದಲ್ಲಿ ಹತ್ತರಲ್ಲೊಂದು ಪಾಲು. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚುಕಡಿಮೆ 6,900 ಕೋಟಿ ಇಲ್ಲೇ ಇವೆ! ಇದರ ಕೆಲಸ ನೋಡಬೇಕಾದರೆ ಮೂರು ಕಸರತ್ತು ಮಾಡಿ. ಬೆರಳಿನಿಂದ ನಿಮ್ಮ ಮೂಗು ಮುಟ್ಟಿ, ಮುಂದೆ ಕೂತವರ ಬೆರಳು ಮುಟ್ಟಿ, ಬೇಗಬೇಗ. ತೊಡೆಯ ಮೇಲೆ ಅಂಗೈಯನ್ನು ಮೇಲೆ-ಕೆಳಗೆ ಮಾಡಿ ತಟ್ಟುತ್ತಾ ಹೋಗಿ. ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಒಂದೇ ಗೆರೆಯಲ್ಲಿ ನಡೆಯಿರಿ. ಈ ತಾಳ ತಪ್ಪದಂತೆ ನೋಡಿಕೊಳ್ಳುವುದು ಅನುಮಸ್ತಿಷ್ಕ. ಕುಡಿದವರ ನಡಿಗೆ ತೂರಾಡುವುದು ಮದ್ಯ ಇದರ ಲೆಕ್ಕ ಕೆಡಿಸುವುದರಿಂದ.

ಅದರ ಮುಂದೆ ಹೆಬ್ಬೆರಳಿನಂಥ ಮಿದುಳ ಕಾಂಡ. ಉಸಿರಾಟ, ಎದೆಬಡಿತ, ನುಂಗುವುದು, ಎಚ್ಚರ, ಎಲ್ಲ ಇದರ ಜವಾಬ್ದಾರಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಒಂದು ಕಣ್ಣಿಗೆ ಕ್ಷಣಮಾತ್ರ ತೋರಿಸಿ, ಇನ್ನೊಂದು ಕಣ್ಣನ್ನು ನೋಡಿ. ಬೆಳಕು ಬಿದ್ದಿದ್ದು ಒಂದಕ್ಕೆ, ಕಿರಿದಾಗುವುದು ಎರಡೂ ಪಾಪೆ. ಆ ಅಪ್ಪಣೆ ಹೊರಟಿದ್ದು ಕಾಂಡದ ಮೇಲ್ತುದಿಯಾದ ಮಧ್ಯಮಿದುಳಿನಿಂದ. ತಲೆಗೆ ಪೆಟ್ಟು ಬಿದ್ದವರ ಕಣ್ಣಿಗೆ ಡಾಕ್ಟರು ಮೊದಲು ಟಾರ್ಚು ಬಿಡುವುದು ಈ ಕಾಂಡ ಸರಿ ಇದೆಯಾ ಎಂದು ನೋಡುವುದಕ್ಕೇ. ಎಡ-ಬಲ ಅದಲುಬದಲಾಗುವ ಜಾಗವೂ ಇಲ್ಲೇ, ಕೆಳತುದಿಯ ಮೆಡುಲ್ಲಾದಲ್ಲಿ.

ಬೆನ್ನು ಎಣಿಸಿ

ಇದಕ್ಕೆ ಸ್ವಲ್ಪ ಸಮಯ ಕೊಡಿ. ತಲೆ ಮುಂದಕ್ಕೆ ಬಾಗಿಸಿ. ಕುತ್ತಿಗೆಯ ಬುಡದಲ್ಲಿ ದೊಡ್ಡ ಗಂಟೊಂದು ಎದ್ದು ನಿಲ್ಲುತ್ತದೆ. ಅದು ಸಾಮಾನ್ಯವಾಗಿ ಕುತ್ತಿಗೆಯ ಏಳನೇ ಮೂಳೆ. ಅಲ್ಲಿಂದ ಕೆಳಗೆ ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5. ಆಮೇಲೆ ಒಂದಕ್ಕೊಂದು ಬೆಸೆದುಕೊಂಡ 5, ಕಡೆಗೆ ಬಾಲದ ಪಳೆಯುಳಿಕೆಯಂಥ ನಾಲ್ಕು ಚೂರು. ಕೈಗೆ ಸಿಗುವುದು ಮೂಳೆಯ ಹಿಂಬದಿಯ ಮುಳ್ಳು ಮಾತ್ರ. ಬೆನ್ನುಹುರಿ ಅದಕ್ಕಿಂತ ಒಳಗಿನ ಕೊಳವೆಯಲ್ಲಿದೆ. ದಪ್ಪ ಕಿರುಬೆರಳಷ್ಟು, ಉದ್ದ ಸುಮಾರು 45 ಸೆಂ.ಮೀ. ಅದರಿಂದ 31 ಜೊತೆ ನರಗಳು ಎರಡೂ ಬದಿಗೆ ಹೊರಡುತ್ತವೆ.

ಪರೀಕ್ಷೆ ಬರೆಯುವವರು ಇಲ್ಲೊಂದು ನೋಡಿಕೊಳ್ಳಿ, ಸುಮಾರು ಮಕ್ಕಳು ಎಡವುವುದು ಇಲ್ಲೇ. ಮಿದುಳಿನಲ್ಲಿ ಬೂದು ಭಾಗ ಹೊರಗೆ, ಬಿಳಿ ಒಳಗೆ. ಬೆನ್ನುಹುರಿಯಲ್ಲಿ ತದ್ವಿರುದ್ಧ: ಚಿಟ್ಟೆಯಾಕಾರದ ಬೂದು ಭಾಗ ಒಳಗೆ, ಬಿಳಿ ಹೊರಗೆ.

ಈಗ ಎರಡೂ ಕೈ ಸೊಂಟದ ಮೇಲಿಡಿ, ಜಗಳಕ್ಕೆ ನಿಂತವರ ಹಾಗೆ. ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಆ ಎತ್ತರದಲ್ಲೇ ಹೆಬ್ಬೆರಳುಗಳನ್ನು ಹಿಂದಕ್ಕೆ ಸರಿಸಿ ಬೆನ್ನಿನ ನಡುವೆ ತನ್ನಿ. ಅಲ್ಲಿರುವುದು ಸರಿಸುಮಾರು ಸೊಂಟದ ನಾಲ್ಕನೇ ಮೂಳೆ. ವಿಚಿತ್ರ ಎಂದರೆ ಅಲ್ಲಿ ಬೆನ್ನುಹುರಿಯೇ ಇಲ್ಲ! ಅದು ಇನ್ನೂ ಎರಡು-ಮೂರು ಮೂಳೆ ಮೇಲೆ, ಸೊಂಟದ ಒಂದು-ಎರಡನೇ ಮೂಳೆಯ ಮಟ್ಟದಲ್ಲೇ ಮುಗಿದಿರುತ್ತದೆ. ಹೊಟ್ಟೆಯಲ್ಲಿ ಮೂರು ತಿಂಗಳ ಕೂಸಾಗಿದ್ದಾಗ ಹುರಿ ಮತ್ತು ಮೂಳೆಯ ಕೊಳವೆ ಒಂದೇ ಉದ್ದ ಇರುತ್ತವೆ. ಆಮೇಲೆ ಮೂಳೆ ಓಡುತ್ತದೆ, ಹುರಿ ಹಿಂದೆ ಬೀಳುತ್ತದೆ. ಹುರಿ ಮುಗಿದ ಮೇಲೆ ಕೆಳಗೆ ನರಗಳ ಎಳೆಗಳಷ್ಟೇ ದ್ರವದಲ್ಲಿ ತೇಲುತ್ತಿರುತ್ತವೆ. ಕುದುರೆ ಬಾಲದ ಹಾಗೆ ಕಾಣುತ್ತದೆ ಎಂದು ಅದಕ್ಕೆ ಅದೇ ಹೆಸರು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ವೈನಿಯ ಹೆರಿಗೆ ಹೊತ್ತಲ್ಲಿ ಸಿಸೇರಿಯನ್ ಮಾಡಬೇಕು, ಬೆನ್ನಿಗೆ ಸೂಜಿ ಕೊಡಬೇಕು ಎಂದಾಗ ಮನೆ ಹೆಂಗಸರೆಲ್ಲ ಗಾಬರಿಬಿದ್ದರು. "ಬೆನ್ನಾಗಿನ ನರಕ್ಕ ಚುಚ್ಚತಾರಂತ, ಹುಡುಗಿ ನಡಾ ಹೋಗತೈತಿ." ಆ ಸೂಜಿ ಹೋಗುವುದು ಈಗ ನಿಮ್ಮ ಹೆಬ್ಬೆರಳು ಇರುವ ಜಾಗದ ಆಸುಪಾಸಿಗೆ. ಚುಚ್ಚಿಕೊಳ್ಳಲು ಅಲ್ಲಿ ಹುರಿ ಇಲ್ಲ. ಪಾತ್ರೆಯ ನೀರಿನಲ್ಲಿ ಬೆಂದ ಶಾವಿಗೆಗೆ ಕಡ್ಡಿ ಹಾಕಿದರೆ ಎಳೆಗಳು ಪಕ್ಕಕ್ಕೆ ಸರಿಯುತ್ತವಲ್ಲ, ಹಾಗೆ ನರಗಳೂ ಸರಿದುಕೊಳ್ಳುತ್ತವೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವೂ ಬರಬಹುದು. ವರ್ಷಗಟ್ಟಲೆ ಕಾಡುವ ನಡಾನೋವನ್ನು ಮಾತ್ರ ಸೂಜಿಯ ತಲೆಗೆ ಕಟ್ಟಬೇಡಿ. ಬಗ್ಗಿ ಕೂಸನ್ನು ಎತ್ತುವುದು, ಸೊಟ್ಟಗೆ ಕೂತು ಹಾಲು ಕುಡಿಸುವುದು, ಗರ್ಭಿಣಿಯಾಗಿದ್ದಾಗ ಸಡಿಲವಾದ ಕೀಲುಗಳು, ಇವನ್ನು ಮೊದಲು ನೋಡಿ.

ಮೊಣಕಾಲು, ಆಮೇಲೆ ರೊಟ್ಟಿ ಹಂಚು

ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಡಿ. ಮೊಣಕಾಲ ಚಿಪ್ಪಿನ ಕೆಳಗಿನ ಮೆತ್ತನೆ ಜಾಗಕ್ಕೆ ಜೊತೆಗಾರರು ಅಂಗೈಯ ಅಂಚಿನಿಂದ ಚುರುಕಾಗಿ ತಟ್ಟಲಿ. ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮಲಿಲ್ಲವಾ? ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಜೋರಾಗಿ ಎಳೆಯುತ್ತಿರಿ, ಆಗ ತಟ್ಟಿಸಿಕೊಳ್ಳಿ. ನಮ್ಮ ಮನೆಗೆ ಬರುವ ಮಕ್ಕಳಿಗೆ ಅತಿ ಇಷ್ಟದ ಪ್ರಯೋಗ ಇದು, ಒಬ್ಬರಿಗೊಬ್ಬರು ಒದೆಯುವುದಕ್ಕೆ ಪರವಾನಗಿ ಸಿಕ್ಕಂತೆ. ಈ ಒದೆತಕ್ಕೆ ಮಿದುಳಿನ ಒಪ್ಪಿಗೆ ಬೇಕಿಲ್ಲ. ಸುದ್ದಿ ಬೆನ್ನುಹುರಿಯ ಕೆಳಭಾಗಕ್ಕೆ ಹೋಗಿ ಅಲ್ಲಿಂದಲೇ ವಾಪಸ್ಸಾಯಿತು.

ರೊಟ್ಟಿ ಮಾಡುವಾಗ ಬೆರಳು ಹಂಚಿಗೆ ತಾಗಿದರೂ ಇದೇ ಕಥೆ. ಚರ್ಮದಿಂದ ಹೊರಟ ಸುದ್ದಿ ಬೆನ್ನುಹುರಿಯ ಹಿಂಬಾಗಿಲಿನಿಂದ ಒಳಗೆ ಬರುತ್ತದೆ, ನಡುವಿನ ಒಂದು ನರಕೋಶಕ್ಕೆ ದಾಟುತ್ತದೆ, ಮುಂಬಾಗಿಲಿನಿಂದ "ಕೈ ತಗೀ" ಅಂತ ಅಪ್ಪಣೆ ಹೊರಡುತ್ತದೆ. ಕೈ ಹಿಂದೆ ಬಂದಾದ ಮೇಲೆ ಮಿದುಳಿಗೆ ಉರಿ ತಿಳಿಯುತ್ತದೆ. "ಅವ್ವಾ" ಅನ್ನುವಷ್ಟರಲ್ಲಿ ಕೈ ಆಗಲೇ ಗಾಳಿಯಲ್ಲಿರುತ್ತದೆ.

ಆದರೆ ನಮ್ಮ ಅವ್ವನನ್ನು ನೋಡಿ. ರೊಟ್ಟಿ ಮೇಲೆ ನೀರು ಸವರಿ, ಬರಿ ಬೆರಳಿನಿಂದ ಅಂಚು ಹಿಡಿದು ತಿರುವಿ ಹಾಕುತ್ತಾಳೆ. ನಾನು ಅದೇ ಮಾಡಲು ಹೋಗಿ ರೊಟ್ಟಿಯನ್ನು ಕಟ್ಟೆಯ ಕೆಳಗೆ ಬೀಳಿಸಿದ್ದೇನೆ. ಅವಳ ಬೆರಳಿನ ಚರ್ಮ ಗಟ್ಟಿಯಾಗಿರುವುದು ಒಂದು ಕಾರಣ. ಇನ್ನೊಂದು, ಮೇಲಿನಿಂದ ಮಿದುಳು ಬೆನ್ನುಹುರಿಗೆ "ತಡಿ, ಇನ್ನೊಂದು ಗಳಿಗಿ" ಎಂದು ಹೇಳಬಲ್ಲದು. ಸುಡುವ ಚಾದ ಕಪ್ಪನ್ನು ನೆಂಟರ ಮುಂದೆ ಬಿಸಾಡದೆ ಮೆಲ್ಲಗೆ ಕೆಳಗಿಡುತ್ತೇವಲ್ಲ, ಅದೂ ಇದೇ ತಡೆ. ಹೀಗೆ ತಾನಾಗಿ ಆಗುವ ಪ್ರತಿಕ್ರಿಯೆಗೆ ಪಠ್ಯದಲ್ಲಿ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಅದರಲ್ಲಿ ಮಿದುಳಿಗೆ ಏನೂ ಪಾತ್ರವಿಲ್ಲ ಎಂದು ಬರೆಯುವ ಮಕ್ಕಳಿಗೆ ನಾನು ಪೂರ್ತಿ ಅಂಕ ಕೊಡುತ್ತಿರಲಿಲ್ಲ.

ಸ್ಕೇಲು ಬೀಳಿಸಿ

ಜೊತೆಗಾರರು ಸ್ಕೇಲಿನ ಮೇಲ್ತುದಿ ಹಿಡಿದು ನೆಟ್ಟಗೆ ತೂಗಲಿ. ಸೊನ್ನೆಯ ಗುರುತಿನ ಹತ್ತಿರ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ತೆರೆದಿರಲಿ. ಹೇಳದೆ ಬಿಡಲಿ, ನೀವು ಹಿಡಿಯಿರಿ. ಎಷ್ಟು ಸೆಂ.ಮೀ.ಗೆ ಹಿಡಿದಿರಿ ನೋಡಿ. 15ಕ್ಕೆ ಹಿಡಿದರೆ ಸುಮಾರು 0.17 ಸೆಕೆಂಡು, 20ಕ್ಕೆ 0.2, 30ಕ್ಕೆ 0.25. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಫೋನಿನಲ್ಲಿ ಯಾರ ಜೊತೆಗಾದರೂ ಮಾತಾಡುತ್ತಾ ಮಾಡಿ. ಬಹಳಷ್ಟು ಜನರ ಕೈಯಿಂದ ಸ್ಕೇಲು ಇನ್ನೂ ಕೆಳಗೆ ಜಾರುತ್ತದೆ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ 60ರ ವೇಗದಲ್ಲಿ ಬೈಕು ಓಡಿಸುವವನು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತಾನೆ. ಎಮ್ಮೆ ಅಡ್ಡ ಬಂದದ್ದು ಕಂಡು ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ.

ನರದಲ್ಲಿ ಸುದ್ದಿ ಓಡುವ ವೇಗ ಒಂದೇ ಅಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದರ ಉದ್ದಕ್ಕೂ ಒಂದು ನರ ಎಳೆದಿದ್ದಾರೆ ಅಂದುಕೊಳ್ಳಿ. ಸ್ನಾಯುವಿಗೆ ಹೋಗುವ ಅತಿ ವೇಗದ ದಪ್ಪ ನರ ಸೆಕೆಂಡಿಗೆ 120 ಮೀಟರ್ ತನಕ ಓಡುತ್ತದೆ. ಈ ತುದಿಯಿಂದ ಆ ತುದಿಗೆ ಹದಿಮೂರು ಸೆಕೆಂಡು ಸಾಕು. ಮಂದ ನೋವನ್ನು ಹೊರುವ ಸಣ್ಣ ನರದ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಅದಕ್ಕೆ ಇಪ್ಪತ್ತೈದು ನಿಮಿಷ ಬೇಕು, ಚೀಲ ಹೊತ್ತ ಅಜ್ಜನ ನಡಿಗೆ. ಕಾಲ ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು "ತಾಗಿತು" ಎಂದು ಗೊತ್ತಾಗಿ, ಒಂದು ಗಳಿಗೆ ಬಿಟ್ಟು ನೋವು ಏರಿಬರುವುದು ಇದರಿಂದಲೇ.

ಕಣ್ಣು ಮುಚ್ಚಿ ನಿಲ್ಲಿ

ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿ. ಜೊತೆಗಾರರು ಹಿಡಿಯಲು ಸಿದ್ಧ ಇರಲಿ. ಸ್ವಲ್ಪ ವಾಲಿದರೆ ಪರವಾಗಿಲ್ಲ. ಕಾಲು ಎಲ್ಲಿದೆ, ಎತ್ತ ಬಾಗಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಬದಿಯ ಕಂಬಗಳಲ್ಲಿ ಮೇಲೇರುತ್ತದೆ. ಬಿ12 ಜೀವಸತ್ವ ತೀರಾ ಕಡಿಮೆಯಾದರೆ ಆ ಕಂಬಗಳೇ ಸವೆಯುತ್ತವೆ. ಕಣ್ಣು ತೆರೆದಾಗ ಸರಿ ಇರುವವರು, ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ತೂರಾಡುತ್ತಾರೆ. ನಮ್ಮ ಕಡೆ ಸಸ್ಯಾಹಾರಿ ಮನೆಗಳು ಜಾಸ್ತಿ, ಬಿ12 ಸಿಗುವುದು ಮೊಸರು-ಹಾಲಿನಿಂದ ಮಾತ್ರ. ಅದೂ ಕಡಿಮೆ ತಿನ್ನುವ ವಯಸ್ಸಾದವರಿಗೆ ಪಾದ ಜುಮುಗುಡುತ್ತಿದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸಿ.

ಆಟ ನಿಲ್ಲಿಸಿ ಓಡಬೇಕಾದ ಹೊತ್ತು

ಮರದಿಂದಲೋ ಹೇರು ತುಂಬಿದ ಟ್ರ್ಯಾಕ್ಟರಿನಿಂದಲೋ ಬಿದ್ದವರನ್ನು ರಟ್ಟೆಗೊಬ್ಬ ಕಾಲಿಗೊಬ್ಬ ಹಿಡಿದು ಎತ್ತಬೇಡಿ. ಮುರಿದ ಮೂಳೆ ಹುರಿಯನ್ನು ಕೊಯ್ಯಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ವಾಂತಿ ಬಂದು ಹೊರಳಿಸಲೇಬೇಕಾದರೆ ತಲೆ, ಬೆನ್ನು, ಸೊಂಟ ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ.

ಫಿಟ್ಸ್ ಬಂದವರ ಕೈಗೆ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಟವೆಲ್ ಇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಧಾರವಾಡದ ಡಿಮ್ಹಾನ್ಸ್‌ಗೆ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಹೋಗಿ ಎಂದರೆ "ಅದು ಹುಚ್ಚರ ಆಸ್ಪತ್ರಿ ಅಲ್ಲೇನ್ರಿ" ಎನ್ನುವವರು ಇನ್ನೂ ಇದ್ದಾರೆ. ಅದರ ಹೆಸರಲ್ಲೇ ನರವಿಜ್ಞಾನ ಇದೆ.

ನಡಾನೋವು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಅದರ ಜೊತೆ ಮೂತ್ರ ಕಟ್ಟಿದರೆ, ಕುದುರೆ ಏರಿದಾಗ ತಡಿಗೆ ತಾಗುವ ಜಾಗ, ಅಂದರೆ ತೊಡೆಸಂದು-ಕುಂಡಿಯ ಭಾಗ, ಮರಗಟ್ಟಿದರೆ ಆವತ್ತೇ ಹೋಗಿ. ಕುದುರೆ ಬಾಲದ ನರಗಳು ಒತ್ತಿಕೊಂಡಿರಬಹುದು.

ಇನ್ನು ಲಕ್ವಾ, ಅಂದರೆ ಪಾರ್ಶ್ವವಾಯು. ನಮ್ಮ ಕಾಕಾ ಒಂದು ಮುಂಜಾನೆ ಚಾ ಕುಡಿಯುತ್ತಾ ಕೂತಿದ್ದರು. ಬಲಗೈಯಿಂದ ಬಸಿ ಜಾರಿತು. ಕೇಳಿದ್ದಕ್ಕೆ ಏನೋ ಹೇಳಿದರು, ಮಾತು ಮಾತಾಗಿರಲಿಲ್ಲ. ಬಲಗೈ ಮತ್ತು ಮಾತು ಎರಡೂ ಹೋದರೆ ತೊಂದರೆ ಎಡ ಮಿದುಳಿನಲ್ಲಿದೆ. ಹೇರ್‌ಬ್ಯಾಂಡಿನ ಪಟ್ಟಿ, ಎಡ-ಬಲದ ಅದಲುಬದಲು ನೆನಪಿದೆಯಲ್ಲ? ಮಾತಾಡಿಸುವ ಜಾಗ ಹೆಚ್ಚಿನವರಿಗೆ ಎಡ ಹಣೆಯ ಹಿಂದೆ ಇರುತ್ತದೆ ಎಂದು ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ ತೋರಿಸಲು ಶುರು ಮಾಡಿದ್ದು 1861ರಲ್ಲೇ, "ಟಾನ್" ಎಂಬ ಒಂದೇ ಪದ ಉಳಿದಿದ್ದ ರೋಗಿಯೊಬ್ಬನಿಂದ. ಇದನ್ನೆಲ್ಲ ಶಾಲೆಯಲ್ಲಿ ಹೇಳುತ್ತಿದ್ದ ನಾನು ಆವತ್ತು ಊರಲ್ಲಿರಲಿಲ್ಲ. ಮನೆಯವರು "ಥಂಡಿ ಗಾಳಿ ಹೊಡದೈತಿ" ಎಂದು ಎಣ್ಣೆ ತಿಕ್ಕಿ ಮಲಗಿಸಿದರು. ಆಸ್ಪತ್ರೆ ಮುಟ್ಟಿದ್ದು ಸಂಜೆಗೆ.

ಹೀಗಾದಾಗ ಮಾಡಬೇಕಾದ್ದು: ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯಾ? ಎರಡೂ ಕೈ ಎತ್ತಿಸಿ, ಒಂದು ಇಳಿಯುತ್ತಿದೆಯಾ? ಒಂದು ವಾಕ್ಯ ಹೇಳಿಸಿ, ತೊದಲುತ್ತಿದೆಯಾ? ಒಂದಕ್ಕೆ ಹೌದು ಎಂದಾದರೂ ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೊರಡಿ. ಗದಗ, ಹಾವೇರಿ ಕಡೆಯವರು ಮೊದಲು ಸಣ್ಣ ದವಾಖಾನೆಗೆ ಹೋಗಿ ಸಲೈನ್ ಹಚ್ಚಿಸಿಕೊಂಡು ಹೊತ್ತು ಕಳೆಯಬೇಡಿ. ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ, ನುಂಗಲು ಬಾರದೆ ಉಸಿರಿಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ಅದನ್ನು ಕೊಡುವುದು ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಮಾತ್ರ. ಅದಕ್ಕೇ ಮನೆ ಬಿಡುವ ಮೊದಲು, ಅವರು ಕಡೆಗೆ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. "ಇವರು ಕಡೆಗೆ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗ್ರಿ?" ಎಂದು ಡಾಕ್ಟರು ಕೇಳಿದಾಗ ಕಾಕಾನ ಸುತ್ತ ನಿಂತಿದ್ದ ಆರು ಮಂದಿ ಆರು ಸಮಯ ಹೇಳಿದ್ದರು.